ಅಜ್ಜಿಯ ಅಣಕ

ಆಗೆಲ್ಲ ಬೇಸಿಗೆಯ ಮಧ್ಯಾಹ್ನ ಮದ್ರಾಸಿನ ಮೈಲಾಪೂರಿನ ನಮ್ಮ ಫ್ಲಾಟಿನಲ್ಲಿ ಕರೆಂಟು ಹೋದರೆ ಟೀವಿಯೂ ಇಲ್ಲ, ಫ್ಯಾನೂ ಇಲ್ಲ. ನೆಲಕ್ಕೆ ನೀರು ಚಿಮುಕಿಸಿಕೊಂಡು ಎಲ್ಲರೂ ಉರುಳಿಕೊಂಡಾಗ ಶುರುವಾಗೋದು ನನ್ನ ಅಣಕ. ಹೂವಿನವಳ ಹಾಗೆ ಕೂಗುತ್ತಿದ್ದೆ, ಮೇಲಿನ ಮನೆ ಮಾಮನ ಹಾಗೆ ಕೆಮ್ಮುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಅಪ್ಪನ ಅಮ್ಮ, ನಮ್ಮಜ್ಜಿ. ನಶ್ಯ ಏರಿಸಿದ ಮೂಗಿನ ದನಿ, ಎಳೆದೆಳೆದು ಆಡುವ ಮಾತು.

"ಹಿರಿಯರನ್ನ ಅಣಕಿಸಬಾರದು ಕಣೇ, ಬಾಯಿ ಸೊಟ್ಟಗಾಗತ್ತೆ" ಅನ್ನೋಳು ಅಜ್ಜಿ. ಹಾಗಂದು ಸೆರಗು ಬಾಯಿಗಿಟ್ಟುಕೊಂಡು ನಗೋಳು. ಸ್ಕೂಲಲ್ಲಿ ಅದಕ್ಕೆ ಮಿಮಿಕ್ರಿ ಅನ್ನುತ್ತಿದ್ದರು. ಅಣಕ ಅಂದರೆ ಮುದ್ದಿಗೆ ಇನ್ನೊಂದು ಹೆಸರು ಅಂತ ನಾನು ತಿಳಿದಿದ್ದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ನಂಜನಗೂಡಿನಲ್ಲಿ ಅವಳ ಅಕ್ಕ, ನಮ್ಮ ದೊಡ್ಡಜ್ಜಿ, ಹಾರ್ಟ್ ಆಪರೇಷನ್ ಆಗಿ ಮಲಗಿದ್ದರು. ಸುದ್ದಿ ಹೇಳಿದರೆ ತಡೆಯೋದು ಕಷ್ಟ ಅಂದರು ಡಾಕ್ಟರು. ಅಲ್ಲಿನವರು ಬಾಯಿ ಮುಚ್ಚಿಕೊಂಡರು. ಆದರೆ ಭಾನುವಾರ ಊಟವಾದ ಮೇಲೆ ಅಕ್ಕತಂಗಿಯರು ಫೋನಿನಲ್ಲಿ ಮಾತಾಡೋದು ಎಂದೂ ತಪ್ಪಿದ್ದಿಲ್ಲ.

ಅಪ್ಪ ರಿಸೀವರ್ ನನ್ನ ಕೈಗಿಟ್ಟರು. "ಅಜ್ಜಿ ಹಾಗೆ ಮಾತಾಡು ಪುಟ್ಟಿ. ಇದೊಂದೇ ಸಲ."

"ಇದು ಮೋಸ ಅಲ್ವಾಪ್ಪಾ?"

"ಒಂದು ಜೀವ ಉಳಿಸೋಕೆ ತಾನೇ."

"ಅಕ್ಕಾ, ಊಟ ಆಯ್ತೇ?" ಅಂದೆ. ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಅತ್ತ ದೊಡ್ಡಜ್ಜಿಗೆ ಒಂಚೂರೂ ಅನುಮಾನ ಬರಲಿಲ್ಲ.

ಇದೊಂದೇ ಸಲ ಅಂದಿದ್ದು ವಾರ ವಾರದ ಕಥೆಯಾಯಿತು. ಶನಿವಾರ ಬಂದರೆ ನನಗೆ ಜ್ವರ ಬರಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದೆ. ಅಜ್ಜಿಗೋಸ್ಕರ ನೆಟ್ಟಗೆ ಅಳೋಕೂ ಆಗಲಿಲ್ಲ. ಸತ್ತವಳು ನನ್ನ ಬಾಯಲ್ಲೇ ಕೂತು, ಹುಳಿಗೆ ಏನು ಹಾಕಿದೆ ಅಂತ ಕೇಳುತ್ತಿದ್ದಳಲ್ಲ.

ಒಂದು ಸಲ ದೊಡ್ಡಜ್ಜಿ ಮಂಡಿನೋವು ಹೇಗಿದೆ ಅಂದಾಗ, "ಇಪ್ಪೋ ಪರವಾಗಿಲ್ಲ" ಅಂದುಬಿಟ್ಟೆ. ಮದ್ರಾಸಿಗೆ ಬಂದು ಇಷ್ಟು ವರ್ಷವಾದರೂ ಅಜ್ಜಿ ಒಂದು ತಮಿಳು ಮಾತು ಆಡಿದವಳಲ್ಲ.

"ಏನೇ ಶಾರೀ, ನಿನಗೂ ತಮಿಳು ಹತ್ತಿಕೊಂಡಿತಾ?"

"ಮೊಮ್ಮಗಳ ಸಹವಾಸ ಅಕ್ಕಾ" ಅಂದೆ. ದೊಡ್ಡಜ್ಜಿ ನಕ್ಕರು. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಅಸಹ್ಯವಾಯಿತು.

ದೊಡ್ಡಜ್ಜಿ ಚೇತರಿಸಿಕೊಂಡು ದೇವಸ್ಥಾನಕ್ಕೆ ನಡೆದು ಹೋಗುವಷ್ಟಾದರು. "ಇನ್ನಾದರೂ ಹೇಳಿಬಿಡಿ, ಮಗು ಸೊರಗಿಹೋಗಿದೆ" ಅಂದಳು ಅಮ್ಮ.

"ಇನ್ನೊಂದು ವಾರ ತಡಿ" ಅಂದರು ಅಪ್ಪ.

ಆ ಭಾನುವಾರ ಮಾತಾಡುತ್ತಲೇ ಅಪ್ಪನ ಕಡೆ ನೋಡಿದೆ. ಗೋಡೆಗೊರಗಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ನಾನು ತಪ್ಪುತ್ತೀನೇನೋ ಅಂತ ಕಾಯುವವರ ಮುಖವಲ್ಲ ಅದು. ತಮ್ಮ ಅಮ್ಮನ ಮಾತು ಕೇಳುತ್ತಾ ಕೂತಿದ್ದರು. ಇದಕ್ಕೆ ಕೊನೆಯೇ ಇಲ್ಲ ಅನ್ನಿಸಿತು.

ಕೊನೆಗೆ ಅಮ್ಮನೇ ನಂಜನಗೂಡಿಗೆ ಹೋಗಿ ವಿಷಯ ಹೇಳಿ ಬಂದಳು. ದೊಡ್ಡಜ್ಜಿ ತಡೆದುಕೊಂಡರು. ಅಪ್ಪ ಮಾತ್ರ ಅಂದು ರೂಮಿನ ಬಾಗಿಲು ಹಾಕಿಕೊಂಡು, ತಮ್ಮ ಅಮ್ಮ ಅವತ್ತೇ ಸತ್ತಳೇನೋ ಅನ್ನುವಂತೆ ಅತ್ತರು. ನಾನು ಮತ್ತೆ ಯಾರನ್ನೂ ಅಣಕಿಸಲಿಲ್ಲ.

ಅಜ್ಜಿಯ ಫೋಟೋ ಇದೆ, ಸೀರೆ ಇದೆ. ದನಿಯನ್ನು ಟೇಪ್ ಮಾಡಿಟ್ಟವರು ಯಾರೂ ಇಲ್ಲ. ನನ್ನನ್ನು ಹೇಗೆ ಕರೆಯುತ್ತಿದ್ದಳು ಅಂತ ಕಣ್ಣು ಮುಚ್ಚಿ ನೆನೆಸಿಕೊಂಡರೆ, ಕೇಳಿಸುವುದು ಹೆದರಿದ ಹುಡುಗಿಯೊಬ್ಬಳು ಫೋನಿನಲ್ಲಿ ಮಾಡುತ್ತಿರುವ ಅಣಕ ಮಾತ್ರ.