ಮುರಗೆಪ್ಪನ ಸಕ್ಕರೆ ಪುಸ್ತಕ

ರಬಕವಿಯ ಕೈಮಗ್ಗದ ಮುರಗೆಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಕಾಯಿಲೆಗಿಂತ ಅದರ ಗತ್ತೇ ಅವನಿಗೆ ಜಾಸ್ತಿ. ನರ್ಸ್ ಪೂರ್ಣಿಮಾ ಓಣಿಯ ಸಕ್ಕರೆಯವರದೊಂದು ಗುಂಪು ಕಟ್ಟಿ, ಬೆರಳು ಚುಚ್ಚಿ ತಾವೇ ನೋಡಿ ಬರೆದುಕೊಳ್ಳಲೆಂದು ಒಬ್ಬೊಬ್ಬರಿಗೂ ಪುಟ್ಟ ಮಶೀನು, ಒಂದು ಪುಸ್ತಕ ಕೊಟ್ಟಾಗ ಮುಖಂಡನಾಗಲು ಕೈ ಎತ್ತಿದವನು ಇವನೇ. ನಮ್ಮ ರೋಗ ನಾವೇ ಸಂಭಾಳಿಸಬೇಕು ಎಂದು ಭಾಷಣವನ್ನೂ ಬಿಗಿದ.

ಸಂಭಾಳಿಸುವುದು ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಸೀರೆ ಕೊಳ್ಳುವ ಸಾಹುಕಾರ ಮಡಿಕೆ ಬಿಚ್ಚಿ ನೋಡುವುದು ಸೆರಗನ್ನಷ್ಟೇ. ಒಳಗೆ ಎಳೆ ಹರಿದಲ್ಲಿ ಗಂಟು ಹಾಕಿದ್ದನ್ನು ಯಾರು ನೋಡುತ್ತಾರೆ? ನಲವತ್ತು ವರ್ಷ ಹೀಗೇ ನಡೆದಿತ್ತು. ಆಸ್ಪತ್ರೆಗೂ ಅದೇ ಲೆಕ್ಕ. ರಕ್ತ ಪರೀಕ್ಷೆಗೆ ಹೋಗುವ ಎರಡು ದಿನ ಮೊದಲು ರೊಟ್ಟಿ ಅರ್ಧ, ಚಹಾ ಬಂದ್, ಹೊಳೆದಂಡೆಯವರೆಗೆ ನಡಿಗೆ. ಉಳಿದ ದಿನ ಮಗ್ಗದ ಪಕ್ಕ ಕಪ್ಪಿನ ಮೇಲೆ ಕಪ್ಪು ಸಿಹಿ ಚಹಾ, ಹಬ್ಬವಿರಲಿ ಬಿಡಲಿ ಶೇಂಗಾ ಹೋಳಿಗೆ. ಮಶೀನು ಟ್ರಂಕಿನಲ್ಲಿ ಭದ್ರವಾಗಿತ್ತು. ಪುಸ್ತಕವನ್ನು ಮಾತ್ರ ತಿಂಗಳ ಕೊನೆಗೆ ಕೂತ ಜಾಗದಲ್ಲೇ, ಒಂದೇ ಪೆನ್ನಿನಲ್ಲಿ ತುಂಬಿಬಿಡುತ್ತಿದ್ದ: ನೂರಾ ಹತ್ತು, ನೂರಾ ಹದಿನಾಲ್ಕು, ನಂಬಿಕೆ ಬರಲೆಂದು ನಡುವೆ ಒಂದು ನೂರಾ ಮೂವತ್ತು.

ಡಾಕ್ಟರು ಮೆಚ್ಚಿ ಗುಳಿಗೆ ಅರ್ಧ ಮಾಡಿದರು. ಸಕ್ಕರೆಯನ್ನು ಗೆದ್ದೆನೆಂದು ಅವನು ಓಣಿಗೆಲ್ಲ ಸಾರಿ ಬಂದ. ಹೆಂಡತಿ ಅನಸವ್ವ ಗೊಣಗಿದ್ದು ಅವನ ಕಿವಿಗೆ ಬೀಳಲಿಲ್ಲ, ಬೀಳುವ ರೂಢಿಯೂ ಇರಲಿಲ್ಲ.

ಒಂದು ಬೆಳಿಗ್ಗೆ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೆದ್ದು ಬಂದವನ ಹಿಂದೆ ರಕ್ತದ ಹೆಜ್ಜೆ ಮೂಡಿತ್ತು. ಕಂಡವಳು ಅನಸವ್ವ. ಹೆಬ್ಬೆರಳಿನ ಕೆಳಗೆ ಮೊಳೆ ನೆಟ್ಟಿತ್ತು, ಅವನಿಗೆ ಸುದ್ದಿಯೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿಯಿಂದ ಪಾದದುದ್ದಕ್ಕೂ ಮುಟ್ಟಿ ನೋಡಿದರು. ಪರೀಕ್ಷೆ ಯಾವಾಗ ಶುರು ಮಾಡುತ್ತಾರೋ ಎಂದು ಇವನು ಕಾಯುತ್ತ ಕೂತಿದ್ದ. ಪುಸ್ತಕದಲ್ಲಿರುವುದು ನಿಜವಾಗಿದ್ದರೆ ಕಾಲಿಗೆ ಈ ಗತಿ ಬರುತ್ತಿರಲಿಲ್ಲ, ಈಗಲಾದರೂ ನಿಜ ಹೇಳಿದರೆ ಉಳಿಸಲು ನೋಡುತ್ತೇನೆ ಎಂದರು ಅವರು. ಕಾಲಿಲ್ಲದೆ ಮಗ್ಗ ತುಳಿಯುವುದು ಹೇಗೆ? ಮುರಗೆಪ್ಪ ಪುಸ್ತಕದ ಕಡೆ ಬೆರಳು ತೋರಿದ.

"ಅದರಾಗ ಒಂದೂ ಖರೆ ಇಲ್ರಿ," ಎಂದ.

ಮರುವಾರದ ಗುಂಪಿನಲ್ಲಿ ಪೂರ್ಣಿಮಾ ಬೈಯಲಿಲ್ಲ. ನಡೆದದ್ದನ್ನು ಎಲ್ಲರೆದುರು ನೀವೇ ಹೇಳಿ ಎಂದಳು. ಭಾಷಣಕ್ಕೆ ಹೆಸರಾದ ಮುಖಂಡ ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಎರಡೇ ಮಾತಾಡಿದ.

"ನಾ ಬರೇ ಸೆರಗ ತೋರಿಸ್ಕೋತ ಬಂದ್ನಿ. ಒಳಗೆಲ್ಲಾ ಹರದಿತ್ತು."

ಅವನ ಪಕ್ಕದ ಮನೆಯ ಸತ್ಯವ್ವ ತನ್ನ ಪುಸ್ತಕವನ್ನು ಮೆಲ್ಲಗೆ ಮುಂದೆ ಸರಿಸಿದಳು. ಪೂರ್ಣಿಮಾ ತೆರೆದು ನೋಡಿದಳು. ನೂರಾ ಹತ್ತು, ನೂರಾ ಹದಿನಾಲ್ಕು, ನಡುವೆ ಒಂದು ನೂರಾ ಮೂವತ್ತು.

"ಮುಖಂಡರದು ನೋಡಿ ಬರದೀನ್ರಿ," ಎಂದಳು ಸತ್ಯವ್ವ. "ನನಗೂ ಕಾಲ ಜೋಮ ಹಿಡದು ಮೂರ ತಿಂಗಳಾತು."