ಪಲ್ಯ ಇನ್ನೂ ಕುದ್ದಿಲ್ಲ

ಬದನೆಕಾಯಿ ಎಣಗಾಯಿಯ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ನಗು, ಹಸಿವೆ ಆಮೇಲೆ. ಮೊನ್ನೆ ಸೊಸೆಯ ಕುಬಸದ ದಿನವೂ ಹಾಗೇ ಆಯಿತು. ಏಳು ತಿಂಗಳ ಬಸುರಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಯಾಕ ನಗಾಕತ್ತೀರಿ ಅತ್ತಿ?" ಎಂದಳು. ಹೇಳಿದೆ. ರೊಟ್ಟಿ ಬಡಿಯಲು ರಬಕವಿಯಿಂದ ಕರೆಸಿದ್ದ ನಾಲ್ವರು ಹೆಂಗಸರೂ ಕಿವಿಗೊಟ್ಟರು. ನೀವೂ ಕೇಳಿ.

ನನ್ನ ಕುಬಸ ಆದದ್ದೂ ಇದೇ ಜಮಖಂಡಿಯ ಮನೆಯಲ್ಲಿ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿತುಂಬ ಹೂವು. ಹೊಟ್ಟೆಯಲ್ಲಿ ಮಾತ್ರ ಆರತಿ ಹೊತ್ತಿಗೆ ಬಾಯಿಗಿಟ್ಟ ಒಂದು ತುಣುಕು ಹೋಳಿಗೆ. ಗಂಡಸರ ಪಂಕ್ತಿ ಎದ್ದ ಮೇಲೇ ಹೆಂಗಸರ ಊಟ. ಬಸುರಿಗಾಗಿ ಮಾಡಿದ ಕಾರ್ಯದಲ್ಲಿ ಬಸುರಿಯೇ ಕಡೆಗೆ! ಇದರಲ್ಲೇನೋ ತಪ್ಪಿದೆ ಎಂದು ಬಿ.ಎ. ಓದಿದ ನನಗೇ ಹೊಳೆದಿರಲಿಲ್ಲ ನೋಡಿ.

ಹೊರಗೆ ಚಪ್ಪರದಲ್ಲಿ ಗಂಡಸರು ಮಹತ್ವದ ನಿರ್ಧಾರಗಳಲ್ಲಿ ಮುಳುಗಿದ್ದರು. ತುಬಚಿ ಕಡೆಯಿಂದ ಎತ್ತುವ ನೀರು ಯಾರ ಹೊಲದ ಮೇಲೆ ಹಾದು ಬರಬೇಕು, ಬೀಳಗಿ ಬಸ್ಸು ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಠರಾವು ಮಾಡಿ ಆಮಂತ್ರಣ ಪತ್ರಿಕೆಯ ಹಿಂದೆ ಬರೆಯುತ್ತಿದ್ದರು. ಒಳಗೆ ನಾನು ಕಣ್ಣಿಗೆ ಕತ್ತಲೆ ಬಂದು ಕಂಬ ಹಿಡಿದಿದ್ದೆ. ನನ್ನ ಅತ್ತೆಯ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡವ್ವ, ಅದನ್ನು ನೋಡಿದಳು.

"ಉಂಡೀ ಏನವಾ?"

"ಇಲ್ರಿ. ಗಂಡಸರದು ಆಗ್ಲಿ."

"ಅವರ ಹೊಟ್ಯಾಗೇನ ಕೂಸೈತಿ?" ಎಂದವಳೇ ಅಡುಗೆಮನೆಯ ಬಾಗಿಲು ಹಾಕಿ ಚಿಲಕ ಜಡಿದಳು. "ಕೂಡ್ರಿ ಎಲ್ಲಾರೂ. ತಾಟ ತಗೋರಿ."

ಅರ್ಧ ಊಟದಲ್ಲಿ ಮಾವನವರು ಬಾಗಿಲು ತಟ್ಟಿದರು. "ಅಕ್ಕಾರ, ಇನ್ನೂ ಎಷ್ಟೊತ್ರಿ?"

ದೊಡ್ಡವ್ವ ಬಾಯಲ್ಲಿದ್ದ ತುತ್ತನ್ನು ಗಲ್ಲಕ್ಕೆ ಸರಿಸಿಕೊಂಡು, "ಪಲ್ಯ ಇನ್ನೂ ಕುದ್ದಿಲ್ರಿ! ಬದ್ನೀಕಾಯಿ ಭಾಳ ಗಟ್ಟಿ ಅದಾವು!" ಎಂದು ಕೂಗಿದಳು.

ಅಷ್ಟರಲ್ಲಿ ನಾನು ತೇಗಿಬಿಟ್ಟೆ. ಸಣ್ಣದಲ್ಲ, ಇಬ್ಬರ ಪಾಲಿನದು. ಬಾಗಿಲಾಚೆ ಒಂದು ಸಣ್ಣ ಕೆಮ್ಮು ಕೇಳಿಸಿತು. ಆಮೇಲೆ, "ಆತು, ಕುದೀಲಿ ತಗೋರಿ," ಎಂದು ಮಾವನವರು ಹೊರಟುಹೋದರು. ಆ ಒಂದು ಮಾತಿಗೆ ಅವರ ಮೇಲೆ ನನಗೆ ಕೊನೆಯವರೆಗೂ ಪ್ರೀತಿಯಿತ್ತು.

ಅಂದಿನಿಂದ ನಮ್ಮ ಓಣಿಯಲ್ಲಿ ಯಾವ ಕಾರ್ಯವಿದ್ದರೂ ಪಲ್ಯ ತಡವಾಗಿಯೇ ಕುದಿಯುತ್ತದೆ. ಮುಧೋಳಕ್ಕೆ ಕೊಟ್ಟ ಹೆಣ್ಣುಮಕ್ಕಳು ಈ ರೋಗವನ್ನು ಅಲ್ಲಿಗೂ ಹಬ್ಬಿಸಿದ್ದಾರೆ. ಗಂಡಸರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅವರ ಠರಾವಿನ ಕಾಗದಕ್ಕೆ ಅಂದೇ ಯಾರೋ ಎಣ್ಣೆಗೈ ಒರೆಸಿದ್ದರು.

ಕಥೆ ಮುಗಿಸಿ, ಬಾಗಿಲು ಹಾಕಿ, ಈಗ ನಾನೇ ದೊಡ್ಡವ್ವ ಎಂಬ ಗತ್ತಿನಲ್ಲಿ ನೆಂಟ ಹೆಂಗಸರ ಜೊತೆ ಸೊಸೆಯ ಪಕ್ಕ ತಾಟು ಹಿಡಿದು ಕೂತೆ. ರೊಟ್ಟಿಯವಳೊಬ್ಬಳು ಬಿಸಿ ರೊಟ್ಟಿ ತಂದು ನೀಡಿದಳು. ಹಣೆಯ ಬೆವರಿಗೆ ಹಿಟ್ಟು ಮೆತ್ತಿತ್ತು.

"ನೀವು ಉಂಡ್ರೇನವಾ?" ಎಂದು ಸುಮ್ಮನೆ ಕೇಳಿದೆ.

"ಇಲ್ರಿ ಅಕ್ಕಾರ. ನಿಮ್ಮ ಮಂದೀದು ಆಗ್ಲಿ."

ತುತ್ತು ಕೈಯಲ್ಲೇ ನಿಂತಿತು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಬೆಳಗಿನಿಂದ ಬೆಂಕಿಯ ಮುಂದೆ ಕೂತವರ ಎದುರೇ ನನ್ನ ಹಸಿವೆಯ ಕಥೆಯನ್ನು ರಸವತ್ತಾಗಿ ಹೇಳಿದ್ದೆ. ನಾಲ್ವರನ್ನೂ ಎಬ್ಬಿಸಿ ಸೊಸೆಯ ಸಾಲಿಗೆ ಕೂರಿಸಿ, ನಾನೇ ನೀಡಿ, ಉಣ್ಣುವವರಿಗೆ ಸಂಕೋಚವಾಗದಿರಲೆಂದು ಉಳಿದ ನೆಂಟರನ್ನೆಲ್ಲ ಹೊರಗೆ ಅಟ್ಟಿ, ನಾನೂ ಹೊರಬಿದ್ದೆ.

ಪುಣ್ಯದ ಕೆಲಸವೆಂದು ಹೊಟ್ಟೆ ಕೇಳುತ್ತದೆಯೇ? ಸ್ವಲ್ಪ ಹೊತ್ತಿಗೇ ಬಾಗಿಲು ತಟ್ಟಿದೆ. "ಇನ್ನೂ ಎಷ್ಟೊತ್ತವಾ?"

ಒಳಗಿನಿಂದ ತುಂಬಿದ ಬಾಯಿಯ ದನಿ ಬಂತು: "ಪಲ್ಯ ಇನ್ನೂ ಕುದ್ದಿಲ್ರಿ ಅಕ್ಕಾರ!"

"ಆತು, ಕುದೀಲಿ ತಗೋರಿ," ಎಂದು ಹೋಗಿ ಊಟಕ್ಕೆ ಕಾಯುತ್ತಿದ್ದ ಗಂಡಸರ ಸಾಲಿನಲ್ಲಿ ಕೂತೆ.