ಸ್ಥಳ ಪರಿಶೀಲಿಸಲಾಗಿ

ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರೆಂದರೆ ನಮ್ಮ ಕಚೇರಿಗಳಲ್ಲಿ ಮೊದಲು ಖರ್ಚಾಗುವುದು ಫಿನಾಯಿಲ್. ಕಳೆದ ವಾರ ಕೆ.ಆರ್.ಪುರದ ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕಾರಿಡಾರಿನುದ್ದಕ್ಕೂ ಅದನ್ನು ಸುರಿದಿದ್ದರು. ಡಬ್ಬಿಯ ಮೇಲೆ ಮಲ್ಲಿಗೆ ಎಂದು ಬರೆದಿತ್ತು. ಮಲ್ಲಿಗೆಗೂ ಆ ವಾಸನೆಗೂ ಯಾವ ಜನ್ಮದ ಸಂಬಂಧವೋ ಕಾಣೆ. ಉಚ್ಚೆಯ ನಾತದ ಮೇಲೆ ಅಗ್ಗದ ಸೆಂಟು ಹೊಡೆದಂತಿತ್ತು. ಮೂಗಿಗೆ ಸೆರಗು ಹಿಡಿದು ಮೆಟ್ಟಿಲು ಹತ್ತುತ್ತಿದ್ದವಳು ನಡುವೆಯೇ ನಿಂತುಬಿಟ್ಟೆ. ಅದು ಬರೀ ಫಿನಾಯಿಲಿನ ಕೆಲಸವಲ್ಲ ಎಂದು ನನಗೆ ಗೊತ್ತು. ಇದೇ ವಾಸನೆಯ ಇನ್ನೊಂದು ಕಚೇರಿ, ಅಲ್ಲಿ ನನ್ನ ಎದುರು ಮೇಜಿನಲ್ಲಿ ಕೂರುತ್ತಿದ್ದ ಮೇಡಂ... ಕಚೇರಿಯಲ್ಲಿ ಹೆಂಗಸರೆಲ್ಲರೂ ಮೇಡಮ್ಮುಗಳೇ. ಆದರೆ ನನ್ನ ಮಟ್ಟಿಗೆ ಮೇಡಂ ಎಂದರೆ ಅವರೊಬ್ಬರೇ.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಹೊಸ ತಿಪ್ಪಸಂದ್ರದಲ್ಲಿ ಮನೆ. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗಳಿಗೆ ಸರ್ಕಾರಿ ನೌಕರಿ ಆಯಿತೆಂದು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದರು. ಆ ನೌಕರಿ ಎಲ್ಲಿ ಎಂದರೆ, ಹಲಸೂರಿನ ಕಡೆ ನಗರಪಾಲಿಕೆಯ ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ. ಮೆಟ್ಟಿಲಿನ ಮೂಲೆಗಳಲ್ಲಿ ಯಾರೂ ಉಗುಳಬಾರದೆಂದು ದೇವರ ಚಿತ್ರದ ಟೈಲ್ಸ್ ಹಾಕಿಸಿದ್ದರು. ಜನ ಭಕ್ತಿಯಿಂದ ದೇವರ ಪಕ್ಕದಲ್ಲಿ ಉಗುಳುತ್ತಿದ್ದರು. ಫ್ಯಾನು ಹಾಕಿದರೆ ಕಡತಗಳ ದೂಳು ತಲೆಯ ಮೇಲೆ, ಹಾಕದಿದ್ದರೆ ಸೆಕೆ. ಮೊದಲ ದಿನ ಊಟದ ಡಬ್ಬಿ ತೆರೆಯಲು ಮನಸ್ಸಾಗದೆ ಹಾಗೇ ಮನೆಗೆ ವಾಪಸು ತಂದಿದ್ದೆ.

ಮೇಡಂ ಟಪಾಲು ನೋಡಿಕೊಳ್ಳುತ್ತಿದ್ದರು. ಕಚೇರಿಗೆ ಬಂದ ಪ್ರತಿಯೊಂದು ಅರ್ಜಿಗೂ ನಂಬರು ಹಾಕಬೇಕು, ಸಾಹೇಬರ ಮುಂದಿಡಬೇಕು, ಸಾಹೇಬರು ಯಾವ ಕೇಸ್ ವರ್ಕರಿಗೆ ಎಂದು ಬರೆಯುತ್ತಾರೋ ಅವರ ಮೇಜಿಗೆ ಮುಟ್ಟಿಸಬೇಕು. ಕೊನೆಗೆ ಆ ಅರ್ಜಿ ಇತ್ಯರ್ಥವಾದ ದಿನ ತಮ್ಮ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಮುಕ್ತಾಯ ಎಂದು ಬರೆಯಬೇಕು. ಖಾತೆ ಬದಲಾವಣೆಗೆ ಆರು ತಿಂಗಳಿಂದ ಅಲೆಯುತ್ತಿದ್ದವರು, ಮಗುವಿನ ಜನನ ಪತ್ರಕ್ಕೆ ಬಂದವರು, ಮೋರಿ ಕಟ್ಟಿಕೊಂಡಿದೆ ಎಂದು ಬಂದವರು, ಎಲ್ಲರೂ ಬೈಯುತ್ತಿದ್ದುದು ಅವರನ್ನೇ. ತಡ ಮಾಡಿದವರು ಒಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದರು, ಮೇಡಂ ಕೌಂಟರಿನಲ್ಲಿ ಕೈಗೆ ಸಿಗುತ್ತಿದ್ದರು. ಶಿವಾಜಿನಗರದಿಂದ ಬಂದವರಿಗೆ ದಖನಿ ಉರ್ದುವಿನಲ್ಲಿ, ಹಲಸೂರಿನವರಿಗೆ ತಮಿಳಿನಲ್ಲಿ, ಉಳಿದವರಿಗೆ ತಮ್ಮ ಗರುಡಾಚಾರ್‌ಪಾಳ್ಯದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಬೈಸಿಕೊಳ್ಳುವುದೂ ಹಾಗೆಯೇ ಮೂರು ಭಾಷೆಯಲ್ಲಿ.

ಇದನ್ನೆಲ್ಲ ಅವರು ಸಹಿಸುತ್ತಿದ್ದರು. ಅವರಿಗೆ ಸಹಿಸಲಾಗದೇ ಇದ್ದದ್ದು ಒಂದೇ. ನಮ್ಮ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ.

ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಕಾರಿಡಾರಿನ ಕೊನೆಯಲ್ಲಿ ಬಾಗಿಲಿತ್ತು, ಬಾಗಿಲ ಮೇಲೆ ಹೆಂಗಸಿನ ಚಿತ್ರವಿತ್ತು. ಯಾವುದೋ ಚುನಾವಣೆಯ ಸಮಯದಲ್ಲಿ ಜಾಗವಿಲ್ಲವೆಂದು ಹಳೇ ಮತದಾರರ ಪಟ್ಟಿಗಳ ಕಟ್ಟುಗಳನ್ನೂ ಮತ ಹಾಕುವಾಗ ಮರೆಗಿಡುವ ರಟ್ಟುಗಳನ್ನೂ ಅದರೊಳಗೆ ತುಂಬಿ, ಬೀಗ ಹಾಕಿ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಸೀಲು ಒತ್ತಿದ್ದರು. ಚುನಾವಣೆ ಮುಗಿದು ಗೆದ್ದವರು ಗೆದ್ದು ಸೋತವರು ಸೋತು, ಮತ್ತೊಂದು ಚುನಾವಣೆಯೂ ಬಂದುಹೋಗಿತ್ತು. ಸೀಲು ಹಾಗೆಯೇ ಇತ್ತು. ಗಂಡಸರ ಶೌಚಾಲಯಕ್ಕೆ ಚಿಲಕವಿರಲಿಲ್ಲ, ನೀರು ಇರಲಿಲ್ಲ, ಅದರ ನಾತ ಮಾತ್ರ ನನ್ನ ಮೇಜಿನ ತನಕ ಬರುತ್ತಿತ್ತು. ಸಾಹೇಬರ ಕೋಣೆಯೊಳಗೆ ಒಂದಿತ್ತು. ಅದಕ್ಕೆ ಗೀಸರು ಕೂಡ ಹಾಕಿಸಿದ್ದರು. ಹಗಲು ಹೊತ್ತು ಕಚೇರಿಗೆ ಬರುವ ಮನುಷ್ಯನಿಗೆ ಅಲ್ಲಿ ಬಿಸಿನೀರು ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಾವು ಆರು ಜನ ಹೆಂಗಸರು. ಮನೆಯಿಂದ ಹೊರಟ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಊಟವನ್ನೂ ಎರಡು ತುತ್ತಿನಲ್ಲಿ ಮುಗಿಸುತ್ತಿದ್ದೆವು. ಮೇಡಂಗೆ ಅದು ಆಗುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ವಯಸ್ಸು ಐವತ್ತೇಳು. ಗಂಟೆಗೊಮ್ಮೆ ಹೋಗಲೇಬೇಕು. ಮಾರುಕಟ್ಟೆಯ ಹಿಂದೆ ದುಡ್ಡು ಕೊಟ್ಟು ಹೋಗುವ ಶೌಚಾಲಯ ಒಂದಿತ್ತು. ಮೆಟ್ಟಿಲಿಳಿದು, ರಸ್ತೆ ದಾಟಿ, ತರಕಾರಿ ಗಾಡಿಗಳ ನಡುವೆ ನುಸುಳಿ ಹೋಗಿಬರಲು ಇಪ್ಪತ್ತು ನಿಮಿಷ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ದಾರಿಯಲ್ಲಿ ಅವರ ಅಪ್ಪನ ಹೊಲದ ಸುದ್ದಿ ಬಂತು. ರಾಗಿ ಬೆಳೆಯುತ್ತಿದ್ದ ಆ ಹೊಲದಲ್ಲಿ ಈಗ ಯಾರದ್ದೋ ಕಾರ್ಖಾನೆಯ ಶೆಡ್ಡುಗಳು.

“ನಮ್ಮಪ್ಪನ್ ಹೊಲದಲ್ಲಿ ಒಂದ್ ಹೊಂಗೆ ಮರದ್ ಮರೆನಾದ್ರೂ ಇತ್ತು ಕಣೆ,” ಎಂದರು. “ಓದಿ ಕೆಲ್ಸಕ್ ಸೇರಿ ಅದೂ ಕಳ್ಕೊಂಡೆ.”

ಅವರು ಹಾಗೆ ಹೋದ ಹೊತ್ತಿನಲ್ಲೇ ಒಂದು ದಿನ ಖಾತೆಗೆ ಬಂದವನೊಬ್ಬ ಖಾಲಿ ಕುರ್ಚಿಯನ್ನು ಫೋನಿನಲ್ಲಿ ವಿಡಿಯೋ ಮಾಡಿದ. ಸಂಬಳ ತಿನ್ನಲು ಮಾತ್ರ ಇವರು ಇರುವುದು, ಕುರ್ಚಿಯಲ್ಲಿ ಕೂರಲು ಅಲ್ಲ ಎಂದು ಬರೆದು ಎಲ್ಲರಿಗೂ ಕಳಿಸಿದ. ಅದು ಸುತ್ತಾಡಿ ಸಾಹೇಬರ ಫೋನಿಗೂ ಬಂತು. ಮಾರನೆಯ ದಿನ ಮೇಡಂಗೆ ಕಾರಣ ಕೇಳುವ ನೋಟಿಸು. ಕರ್ತವ್ಯದ ವೇಳೆಯಲ್ಲಿ ಸ್ಥಾನದಲ್ಲಿ ಇಲ್ಲದಿರುವುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು. ಮೇಡಂ ಮೂರು ದಿನ ಕಾಯಲಿಲ್ಲ. ಅಲ್ಲೇ ಕೂತು, ಮೂತ್ರ ವಿಸರ್ಜನೆಗೆ ಹೋಗಿದ್ದೆ ಎಂದು ಕನ್ನಡದಲ್ಲಿ ನೇರವಾಗಿ ಬರೆದರು. ಅದರ ಜೊತೆಗೆ ಇನ್ನೊಂದು ಹಾಳೆಯಲ್ಲಿ ಮಹಿಳಾ ಶೌಚಾಲಯದ ಬೀಗ ತೆಗೆಸಿಕೊಡಬೇಕೆಂದು ಅರ್ಜಿ ಬರೆದು, ತಮ್ಮ ಕೈಯಾರೆ ಅದಕ್ಕೆ ಟಪಾಲಿನ ನಂಬರು ಹಾಕಿದರು. ನಂಬರು ಬಿದ್ದ ಅರ್ಜಿಗೆ ಉತ್ತರ ಕೊಡಲೇಬೇಕು ಎಂಬುದು ಅವರ ನಂಬಿಕೆ. ಮೂವತ್ತು ವರ್ಷ ಆ ಕಚೇರಿಯನ್ನು ನೋಡಿದ ಮೇಲೂ ಅಂಥ ನಂಬಿಕೆ ಉಳಿಸಿಕೊಂಡಿದ್ದರು.

ಸಂಜೆ ಅರ್ಜಿ ಸಾಹೇಬರ ಕೋಣೆಯಿಂದ ಹೊರಗೆ ಬಂತು. ಅದರ ಮೂಲೆಯಲ್ಲಿ ಸಾಹೇಬರ ಹಸಿರು ಶಾಯಿ: ಟಪಾಲು ಶಾಖೆ, ಅಗತ್ಯ ಕ್ರಮಕ್ಕೆ. ಅಂದರೆ ಮೇಡಂ ಕೊಟ್ಟ ಅರ್ಜಿ ಮೇಡಂಗೇ ಬಂದಿತ್ತು. ಓದಿ, ಕನ್ನಡಕ ತೆಗೆದು, ಗಟ್ಟಿಯಾಗಿ ನಕ್ಕರು.

“ನೋಡೇ, ನನ್ ಉಚ್ಚೆಗೆ ನಾನೇ ಕೇಸ್ ವರ್ಕರ್ ಆದೆ.”

ನಕ್ಕರೂ ಕೆಲಸ ಬಿಡಲಿಲ್ಲ. ಕ್ರಮವಾಗಿ ಕಡತ ತೆರೆದರು. ಕಟ್ಟಡ ನೋಡುವ ಇಂಜಿನಿಯರಿಗೆ ಪತ್ರ ಬರೆದರು. ಆ ಕೋಣೆ ಚುನಾವಣೆ ಶಾಖೆಯ ವಶದಲ್ಲಿದೆ, ಅವರನ್ನು ಕೇಳಿ ಎಂದು ಉತ್ತರ ಬಂತು. ಚುನಾವಣೆ ಶಾಖೆಗೆ ಬರೆದರು. ಶೌಚಾಲಯವನ್ನು ವಶಕ್ಕೆ ಪಡೆದ ಬಗ್ಗೆ ನಮ್ಮಲ್ಲಿ ದಾಖಲೆ ಇಲ್ಲ, ಇಂಜಿನಿಯರನ್ನು ಕೇಳಿ ಎಂದು ಅವರು. ಒಂದು ಬಾಗಿಲಿಗಾಗಿ ನಲವತ್ತು ಹಾಳೆಯ ಕಡತವಾಯಿತು. ಸೀಲು ಒಡೆದುಬಿಡೋಣ ಎಂದು ನಾನೊಮ್ಮೆ ಹೇಳಿದೆ. ಸೀಲು ಒಡೆದರೆ ಕೇಸಾಗುತ್ತದೆ, ನಿನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಸುಮ್ಮನೆ ಕೂತ್ಕೋ ಎಂದು ಗದರಿದರು. ನನ್ನ ಬಗ್ಗೆ ಅವರಿಗಿದ್ದ ಕಾಳಜಿ ಅದು... ಅದನ್ನು ನೆನೆದರೆ ನನಗೆ ಈಗ ತಲೆಯೆತ್ತಲು ಆಗುವುದಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಮೇಡಂ ಜ್ವರ ಬಂದು ಮಲಗಿದರು. ಮೂತ್ರದ ಸೋಂಕು, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂತು. ಅದೇ ವಾರ ಮೇಲಿನ ಕಚೇರಿಯಲ್ಲಿ ಬಾಕಿ ಕಡತಗಳ ಸಭೆ. ನಮ್ಮ ಕಚೇರಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯ ಬಾಕಿ ಮೇಡಂದೇ ಅರ್ಜಿ. ಸಾಹೇಬರ ಕೈಕೆಳಗೆ ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ ಮ್ಯಾನೇಜರು ಆ ಕಡತ ತಂದು ನನ್ನ ಮುಂದಿಟ್ಟರು. ಮೇಡಂ ರಜೆಯಲ್ಲಿರುವುದರಿಂದ ಟಪಾಲಿನ ಪ್ರಭಾರ ನನ್ನದಾಗಿತ್ತು.

“ಒಂದ್ ಲೈನ್ ಬರ್ದು ಕ್ಲೋಸ್ ಮಾಡ್ಬಿಡಮ್ಮ. ಬೀಗ ಆಮೇಲ್ ತೆಗೆಸೋಣ,” ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, ನಿನ್ನ ಪ್ರೊಬೇಷನ್ ವರದಿಯೂ ನನ್ನ ಮೇಜಿನ ಮೇಲೇ ಇದೆ ಎಂದು ಸೇರಿಸಿದರು. ಹೆದರಿಸಿದ ಹಾಗಿರಲಿಲ್ಲ, ಮಳೆ ಬರುವ ಹಾಗಿದೆ ಎಂದ ಹಾಗಿತ್ತು.

ನಾನು ಬರೆದೆ. ಸ್ಥಳ ಪರಿಶೀಲಿಸಲಾಗಿ, ಮಹಿಳಾ ಶೌಚಾಲಯವು ಸುಸ್ಥಿತಿಯಲ್ಲಿದ್ದು ಬಳಕೆಗೆ ಯೋಗ್ಯವಾಗಿರುತ್ತದೆ. ಆದ್ದರಿಂದ ಕಡತವನ್ನು ಮುಕ್ತಾಯಗೊಳಿಸಬಹುದು. ಯಾರೂ ಹೇಳಿಕೊಡಲಿಲ್ಲ. ಎರಡು ವರ್ಷದೊಳಗೆ ಆ ಭಾಷೆ ನನಗೆ ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ಆ ಸ್ಥಳ ನನ್ನ ಕುರ್ಚಿಯಿಂದ ಹದಿನೈದು ಹೆಜ್ಜೆ. ನಾನು ಎದ್ದು ಕೂಡ ಹೋಗಿರಲಿಲ್ಲ. ಥೂ ಎಂದು ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕಿತ್ತು. ಸಹಿ ಹಾಕಿ, ಡಬ್ಬಿ ತೆಗೆದು ಊಟ ಮಾಡಿದೆ.

ಹತ್ತು ದಿನಕ್ಕೆ ಮೇಡಂ ವಾಪಸು ಬಂದರು. ಮುಖ ಇಳಿದುಹೋಗಿತ್ತು, ಬಳೆಗಳು ಸಡಿಲವಾಗಿ ಮೊಣಕೈಗೆ ಜಾರುತ್ತಿದ್ದವು. ಇತ್ಯರ್ಥವಾದ ಕಡತಗಳನ್ನು ರಿಜಿಸ್ಟರಿಗೆ ಏರಿಸಲೆಂದು ಅವರ ಮೇಜಿನ ಮೇಲೆ ಪೇರಿಸಿದ್ದರು. ಒಂದೊಂದೇ ತೆಗೆದು ಬರೆಯುತ್ತಾ ಬಂದವರ ಕೈ ಒಂದು ಕಡೆ ನಿಂತಿತು. ನಾನು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುವವಳ ಹಾಗೆ ಕೂತೆ. ಅವರು ಎದ್ದು ನನ್ನ ಮೇಜಿನ ಹತ್ತಿರ ಬಂದರು. ದನಿ ಏರಿಸಲಿಲ್ಲ.

“ಸ್ಥಳ ಪರಿಶೀಲನೆ ಮಾಡ್ದ್ಯಂತಲ್ಲ. ಹಂಗಾದ್ರೆ ಬೀಗದ್ ಕೈ ನಿನ್ ಹತ್ರಾನೇ ಇರ್ಬೇಕು. ಕೊಡಮ್ಮ, ಅವಸರ ಆಗಿದೆ.”

ಕೈ ಚಾಚಿ ನಿಂತರು. ಮಣಿಕಟ್ಟಿನ ಒಳಬದಿಯಲ್ಲಿ ಆಸ್ಪತ್ರೆಯ ಸೂಜಿ ಚುಚ್ಚಿದ ಕಡೆ ನೀಲಿ ಕಲೆಯಿತ್ತು. ನಾನು ಆ ಕಲೆಯನ್ನೇ ನೋಡುತ್ತಾ ಕೂತೆ. ಕೊನೆಗೆ ತಮ್ಮ ಜಾಗಕ್ಕೆ ಹೋಗಿ, ಕೆಂಪು ಪೆನ್ನಿನಲ್ಲಿ ಮುಕ್ತಾಯ ಎಂದು ಬರೆದು, ದಿನಾಂಕ ಹಾಕಿ, ರಿಜಿಸ್ಟರು ಮುಚ್ಚಿದರು. ಆಮೇಲೆ ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಮಾರುಕಟ್ಟೆಯ ಕಡೆ ಹೋದರು.

ಆ ವಿಷಯ ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಹಿಂದಿನ ಸಂಕ್ರಾಂತಿಗೆ ತಂದ ಹಾಗೆ ಮುಂದಿನ ಸಂಕ್ರಾಂತಿಗೂ ನನಗೆ ಎಳ್ಳು ಬೆಲ್ಲ ತಂದರು. ನನ್ನ ಪ್ರೊಬೇಷನ್ ಮುಗಿಯಿತು. ಮೂರು ವರ್ಷದ ನಂತರ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ತಟ್ಟೆ. ಮ್ಯಾನೇಜರು ಭಾಷಣ ಮಾಡುತ್ತಾ, ಮೇಡಂಗೆ ಈ ಕಚೇರಿಯೇ ಮನೆಯಾಗಿತ್ತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ದಿನವೂ ಮೇಡಂ ರೇಷ್ಮೆ ಸೀರೆಯ ನೆರಿಗೆ ಎತ್ತಿಹಿಡಿದು ಎರಡು ಸಲ ರಸ್ತೆ ದಾಟಿ ಹೋಗಿಬಂದಿದ್ದರು.

ಅವರು ತೀರಿಕೊಂಡು ಒಂದು ವರ್ಷ ದಾಟಿತು. ಹಳೇ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಕಿಡ್ನಿ ಎಂದರು. ಸಕ್ಕರೆಯಿಂದ ಆಗಿರಬಹುದು, ವಯಸ್ಸಿನಿಂದ ಆಗಿರಬಹುದು... ನಾನು ಡಾಕ್ಟರಲ್ಲ. ಎಲ್ಲರ ಹಾಗೆ ನಾನೂ ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿದೆ.

ಫಿನಾಯಿಲ್ ಸುರಿದ ತಪಾಸಣೆ ಮುಗಿದ ಎರಡು ದಿನಕ್ಕೆ ನನ್ನ ಮೇಜಿಗೆ ಒಂದು ಕಡತ ಬಂತು. ನಾನೀಗ ಕೆ.ಆರ್.ಪುರದ ಈ ಮೇಲಿನ ಕಚೇರಿಯಲ್ಲಿ ಮ್ಯಾನೇಜರು. ಕೆಳಗಿನ ಕಚೇರಿಗಳ ದುರಸ್ತಿಯ ಬೇಡಿಕೆಗಳು ನನ್ನ ಮೂಲಕವೇ ಹೋಗಬೇಕು. ಹಲಸೂರಿನ ಆ ಕಚೇರಿಯ ಹೆಂಗಸರು ಶೌಚಾಲಯ ಬೇಕೆಂದು ಬರೆದುಕೊಂಡಿದ್ದರು. ನಮ್ಮ ಕೇಸ್ ವರ್ಕರು ತಿರಸ್ಕರಿಸಬಹುದು ಎಂದು ಟಿಪ್ಪಣಿ ಹಾಕಿದ್ದ. ಕಾರಣ, ಸದರಿ ಕಚೇರಿಯ ಮಹಿಳಾ ಶೌಚಾಲಯವು ಸುಸ್ಥಿತಿಯಲ್ಲಿದೆ ಎಂದು ಹಿಂದೆಯೇ ಸ್ಥಳ ಪರಿಶೀಲಿಸಿ ದಾಖಲಿಸಲಾಗಿದೆ. ಆಧಾರಕ್ಕೆ ನನ್ನದೇ ಕೈಬರಹದ ಹಾಳೆಯ ನಕಲು. ಅದರ ಹಿಂದೆ ಇನ್ನೂ ಎರಡು ಹಳೇ ಅರ್ಜಿಗಳಿದ್ದವು. ಅವನ್ನೂ ಅದೇ ಹಾಳೆ ತೋರಿಸಿ ವಾಪಸು ಕಳಿಸಿದ್ದರು. ನಾನು ಬರೆದ ಎರಡು ಸಾಲು ಇಷ್ಟು ವರ್ಷ ಆ ಬಾಗಿಲನ್ನು ಅರಗಿನ ಸೀಲಿಗಿಂತ ಭದ್ರವಾಗಿ ಮುಚ್ಚಿಟ್ಟಿದ್ದವು.

ಆ ಟಿಪ್ಪಣಿಯ ಕೆಳಗೆ ಬರೆದೆ: ಉಲ್ಲೇಖಿತ ಪರಿಶೀಲನೆಯನ್ನು ದಾಖಲಿಸಿದವಳು ನಾನು. ಸ್ಥಳ ಪರಿಶೀಲಿಸಿರಲಿಲ್ಲ. ಅದು ಸುಳ್ಳು. ಸಂಜೆಗೆ ನಮ್ಮ ಅಧಿಕಾರಿಯ ಕೋಣೆಯಿಂದ ಕಡತ ವಾಪಸು ಬಂತು, ಚರ್ಚಿಸಿ ಎಂಬ ಒಂದೇ ಪದದೊಂದಿಗೆ. ಒಳಗೆ ಹೋದೆ. ಅಧಿಕಾರಿ ಸಣ್ಣ ವಯಸ್ಸಿನವರು, ಮರ್ಯಾದಸ್ಥರು.

“ನಿಮ್ ಮೇಲೇ ಎನ್‌ಕ್ವೈರಿ ಬರತ್ತೆ ಮೇಡಂ. ಆ ಹಾಳೆ ಚೇಂಜ್ ಮಾಡ್ಬಿಡಿ, ಬೇರೆ ಏನಾದ್ರೂ ಬರ್ಕೊಳಣ.”

ಬದಲಾಯಿಸುವುದಿಲ್ಲ ಎಂದೆ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಹೇಳಬೇಕಾದ ದಿನ ಹೇಳದೆ, ಕೆಲಸ ಗಟ್ಟಿಯಾಗಿ ಬಡ್ತಿ ಸಿಕ್ಕಿದ ಮೇಲೆ ಹೇಳುವ ಸತ್ಯಕ್ಕೆ ಎಷ್ಟು ಬೆಲೆ ಎಂದು ನನಗೆ ಗೊತ್ತು. ಅಧಿಕಾರಿಯ ಸಹಿ ಬೀಳದೆ ಕಡತ ಇನ್ನೂ ನನ್ನ ಮೇಜಿನ ಮೇಲಿದೆ. ಆ ಕಚೇರಿಯ ಹೆಂಗಸರು ಇವತ್ತೂ ಮಾರುಕಟ್ಟೆಯ ಹಿಂದಕ್ಕೆ ಹೋಗಿಬಂದಿರುತ್ತಾರೆ.

ಇದನ್ನು ಮೊದಲು ಯಾರಿಗೆ ಹೇಳಬೇಕಿತ್ತೋ ಅವರಿಲ್ಲ. ನಿವೃತ್ತರಾದ ಮೇಲೆ ಮೇಡಂ ಐದಾರು ವರ್ಷ ಬದುಕಿದ್ದರು, ಗರುಡಾಚಾರ್‌ಪಾಳ್ಯದ ತಮ್ಮ ಮನೆಯಲ್ಲೇ. ತಪ್ಪಾಯಿತು ಮೇಡಂ ಎಂದು ಒಂದು ಮಾತು ಹೇಳಿ ಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮಕ್ಕಳ ಪರೀಕ್ಷೆ, ಮಳೆ, ಟ್ರಾಫಿಕ್ಕು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಮೆಟ್ರೋ ಬಂದ ಮೇಲೆ ಆ ನೆಪಗಳೂ ಉಳಿಯಲಿಲ್ಲ. ಕೆ.ಆರ್.ಪುರದಿಂದ ಅವರ ಊರಿಗೆ ಎರಡೇ ಸ್ಟೇಷನ್ನು. ನಾನು ಹೋಗಲಿಲ್ಲ.